‘ಆಯತಪ್ಪಿ ಬಿದ್ದು’ ಎಂದು ಬರೆಯುವ ಮೊದಲು: ಅಡಿಕೆ ಸಹಕಾರಿ ಸಂಘಗಳ ಆಡಳಿತ ಮಂಡಳಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಮತ್ತು ಆಡಳಿತ ಮಂಡಳಿಯ ಸದಸ್ಯರು,
ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅಡಿಕೆ ಬೆಳೆಗಾರರ ಸಹಕಾರಿ ಸಂಘಗಳು.

ವಿಷಯ: ಮರ ಏರಿ ದುಡಿಯುವವರ ಸುರಕ್ಷತೆಯ ಹೊಣೆಯನ್ನು ಸಂಘಗಳು ವಹಿಸಿಕೊಳ್ಳುವ ಕುರಿತು.

ಮಾನ್ಯರೇ,

ನಾನು ಶಿರಸಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಂದೂವರೆ ಎಕರೆ ಅಡಿಕೆ ತೋಟವನ್ನು ನೋಡಿಕೊಂಡಿರುವವನು. ತಂದೆಯವರ ಕಾಲದಿಂದಲೂ ನಮ್ಮ ಮನೆಯ ಬೆಳೆ ಸಂಘದ ಮೂಲಕವೇ ಮಾರಾಟವಾಗುತ್ತ ಬಂದಿದೆ. ಸದಸ್ಯನಾಗಿ ನಾನು ಈವರೆಗೆ ತಮಗೆ ಬರೆದ ಪತ್ರಗಳೆಲ್ಲ ದರದ ಬಗ್ಗೆ, ಸಾಲದ ಬಡ್ಡಿಯ ಬಗ್ಗೆ, ಒಮ್ಮೆ ತೂಕದ ಬಗ್ಗೆ ಇದ್ದವು. ಈ ಪತ್ರ ಬೇರೆಯದು. ಇದರಲ್ಲಿ ಮೊದಲು ನನ್ನ ತಪ್ಪನ್ನು ಹೇಳಿಕೊಂಡು, ಆಮೇಲೆ ತಮ್ಮಲ್ಲಿ ಕೆಲವು ಬೇಡಿಕೆಗಳನ್ನು ಇಡುತ್ತಿದ್ದೇನೆ. ಇದನ್ನು ಎಲ್ಲರೂ ಓದುವಂತೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣ ಇಷ್ಟೇ: ಈ ತಪ್ಪು ನನ್ನೊಬ್ಬನ ತೋಟದಲ್ಲಿ ಮಾತ್ರ ನಡೆಯುತ್ತಿಲ್ಲ.

ಕಳೆದ ವರ್ಷ ಪುಷ್ಯ ಮಳೆ ನಡೆದಿತ್ತು. ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಮುಂಗಾರಿನ ಆರಂಭದಲ್ಲಿ ಒಮ್ಮೆ ಮದ್ದು ಹೊಡೆದು, ನಲವತ್ತು ನಲವತ್ತೈದು ದಿನಗಳಾದ ಮೇಲೆ ಎರಡನೆಯ ಸಲ ಹೊಡೆಯಬೇಕೆಂಬುದು ತಮಗೆ ಗೊತ್ತಿರುವುದೇ. ಮೂರು ದಿನ ಬಿಡದೆ ಹೊಯ್ದ ಮಳೆ ಅಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಹೊಳವಾಯಿತು. ಹದಿನಾರು ವರ್ಷಗಳಿಂದ ನಮ್ಮ ತೋಟಕ್ಕೆ ಬರುವ ಕೊನೆಗೌಡರು (ಮರ ಏರಿ ಮದ್ದು ಹೊಡೆಯುವ, ಕೊನೆ ಅಂದರೆ ಅಡಿಕೆ ಗೊನೆ ಇಳಿಸುವ ನುರಿತ ಕೆಲಸಗಾರರು) ಮಧ್ಯಾಹ್ನದವರೆಗೆ ಮೇಲಿನ ಭಾಗವನ್ನು ಮುಗಿಸಿ, ಚಹಾ ಕುಡಿಯುತ್ತ, ‘ಹೆಗಡೇರೆ, ಮರ ರಾಶಿ ಜಾರ್ತದೆ, ಉಳಿದದ್ದು ನಾಳೆ ಮಾಡ್ವಾ’ ಎಂದರು. ನಾನು ಆಕಾಶ ನೋಡಿದೆ. ನಾಳೆ ಮತ್ತೆ ಮಳೆ ಹಿಡಿದರೆ ಮೈಲುತುತ್ತ, ಸುಣ್ಣ ಕಲಸಿಟ್ಟ ಬೋರ್ಡೋ ದ್ರಾವಣ ವ್ಯರ್ಥ, ಕೆಳಗಿನ ಎರಡು ಸಾಲಿಗೆ ಕೊಳೆ ಬಂದರೆ ಆ ನಷ್ಟ ಬೇರೆ ಎಂದು ಲೆಕ್ಕ ಹಾಕಿ, ‘ಎರಡೇ ಸಾಲು ಇರುವುದು, ಮುಗಿಸಿಬಿಡಿ’ ಎಂದೆ. ಅವರು ಮರುಮಾತಾಡಲಿಲ್ಲ. ಹೊಡೆದ ಮದ್ದಿನ ಡ್ರಮ್ಮಿಗೆ ಇಷ್ಟು ಎಂದು ಕೂಲಿ ನಿಗದಿಯಾಗಿರುವಾಗ, ಮಳೆಗಾಲದಲ್ಲಿ ವಾರಕ್ಕೆ ಎರಡೋ ಮೂರೋ ದಿನ ಮಾತ್ರ ಕೆಲಸ ಸಿಗುವಾಗ, ಮರುಮಾತಾಡುವ ಶಕ್ತಿ ಯಾರಿಗೂ ಇರುವುದಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಮಳೆಗಾಲದ ಅಡಿಕೆ ಮರದ ಮೈಮೇಲೆ ಹಸಿರು ಪಾಚಿ ಲೋಳೆಯಂತೆ ಕಟ್ಟಿರುತ್ತದೆ. ಅಂಥ ಮರವನ್ನು ಇಳಿದು ಮತ್ತೊಂದನ್ನು ಬುಡದಿಂದ ಏರುವುದಕ್ಕಿಂತ, ಮೇಲೆಯೇ ಮರವನ್ನು ಬಾಗಿಸಿ ಮುಂದಿನ ಮರಕ್ಕೆ ದಾಟುವುದು ಬೇಗ. ಕೊನೆಗೌಡರು ಹಾಗೆಯೇ ದಾಟಿದರು. ಎರಡನೆಯ ಸಾಲಿನ ಐದನೆಯ ಮರವನ್ನು ಅವರು ಹಿಡಿದು ಭಾರ ಬಿಟ್ಟ ಕೂಡಲೇ ಆ ಮರ ನಡುವಿನಲ್ಲಿ ಮುರಿಯಿತು. ಸುಮಾರು ಮೂವತ್ತು ಅಡಿ ಎತ್ತರದಿಂದ ಅವರು ಬಸಿಗಾಲುವೆಯ ಅಂಚಿಗೆ ಬಿದ್ದರು. ಮದ್ದಿನ ಪೈಪು ಅವರ ಕೈಯಿಂದ ಜಾರಿ ಇನ್ನೂ ನೀಲಿ ನೀರನ್ನು ಚಿಮ್ಮಿಸುತ್ತಲೇ ಇತ್ತು. ಕೆಳಗೆ ಪಂಪು ನೋಡಿಕೊಂಡಿದ್ದ ಹುಡುಗನಿಗೆ ಅದನ್ನು ನಿಲ್ಲಿಸಬೇಕೆಂಬುದೂ ತಿಳಿಯದೆ ಹೋಯಿತು. ನಾವು ಮೂವರು ಅವರನ್ನು ಕಂಬಳಿಯಲ್ಲಿ ಹಾಕಿ, ಜೋಲಿಯಂತೆ ಎತ್ತಿಕೊಂಡು, ಜಾರುವ ಏರಿನಲ್ಲಿ ರಸ್ತೆಯವರೆಗೆ ಹೊತ್ತೆವು. ಬೆನ್ನಿಗೆ ಪೆಟ್ಟು ಬಿದ್ದವರನ್ನು ಹಾಗೆ ಬಾಗಿಸಿ ಎತ್ತಬಾರದು, ಹಲಗೆಯ ಮೇಲೆ ನೇರವಾಗಿ ಮಲಗಿಸಿ ಸಾಗಿಸಬೇಕು ಎಂಬುದನ್ನು ನನಗೆ ಹುಬ್ಬಳ್ಳಿಯಲ್ಲಿ ವೈದ್ಯರು ಹೇಳಿದರು. ಅಷ್ಟರಲ್ಲಿ ನೂರು ಕಿಲೋಮೀಟರಿನ ದಾರಿ ಕಳೆದಿತ್ತು. ಕೊನೆಗೌಡರು ಬದುಕಿದರು. ಈಗ ಊರುಗೋಲು ಹಿಡಿದು ಮನೆಯ ಜಗುಲಿಯಿಂದ ಅಂಗಳದವರೆಗೆ ಬರುತ್ತಾರೆ.

ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು: ಅಡಿಕೆ ಮರಕ್ಕೆ ಔಷಧಿ ಸಿಂಪಡಿಸುತ್ತಿದ್ದಾಗ ಆಯತಪ್ಪಿ ಬಿದ್ದು ಕಾರ್ಮಿಕನಿಗೆ ಗಂಭೀರ ಗಾಯ. ಬರೆದವರನ್ನು ನಾನು ದೂರುವುದಿಲ್ಲ. ನಮ್ಮಲ್ಲಿ ಮರದಿಂದ ಬಿದ್ದವರೆಲ್ಲರ ಬಗ್ಗೆ ಹೀಗೆಯೇ ಬರೆಯುತ್ತಾರೆ, ಹೀಗೆಯೇ ಮಾತಾಡುತ್ತಾರೆ. ಆದರೆ ಅಂದು ಆಯ ತಪ್ಪಿದ್ದು ಅವರದ್ದಲ್ಲ. ಮುರಿದ ಮರದ ನೈಋತ್ಯ ದಿಕ್ಕಿನ ಮೈ ಎರಡು ಬೇಸಿಗೆಗಳಿಂದ ಬಿಸಿಲಿಗೆ ಸುಟ್ಟು ಸೀಳು ಬಿಟ್ಟಿತ್ತು. ಗಡಿಯಲ್ಲಿದ್ದ ದೊಡ್ಡ ಹಲಸಿನ ಮರ ಬಿದ್ದ ಮೇಲೆ ಆ ಅಂಚಿನ ಮರಗಳಿಗೆ ಮಧ್ಯಾಹ್ನದ ನಂತರದ ಬಿಸಿಲು ನೇರ ಬೀಳುತ್ತಿತ್ತು, ಬಿಸಿಲು ತಾಗಿದ ಮರ ಗಾಳಿಗೂ ಭಾರಕ್ಕೂ ಮುರಿಯುತ್ತದೆ ಎಂಬುದು ತೋಟ ಮಾಡುವ ಯಾರಿಗೂ ಹೊಸ ಸಂಗತಿಯಲ್ಲ. ನನಗೆ ಅದು ಗೊತ್ತಿತ್ತು; ದಿನವೂ ಆ ಮರವನ್ನು ನೋಡುತ್ತಿದ್ದೆ. ಕೊನೆಗೌಡರಿಗೆ ಗೊತ್ತಿರಲಿಲ್ಲ, ಏಕೆಂದರೆ ಅವರು ನಮ್ಮ ತೋಟಕ್ಕೆ ಬರುವುದು ವರ್ಷದಲ್ಲಿ ಕೆಲವೇ ದಿನ, ಮೇಲಾಗಿ ಪಾಚಿ ಕಟ್ಟಿದ ಮಳೆಗಾಲದಲ್ಲಿ ಸೀಳು ಕಣ್ಣಿಗೆ ಬೀಳುವುದಿಲ್ಲ. ನಾನು ಹೇಳಲಿಲ್ಲ. ಹೇಳಬಾರದೆಂದು ಅಲ್ಲ, ಹೇಳುವುದು ನನ್ನ ಕೆಲಸ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಮರ ಏರುವುದು ಅವರ ವಿದ್ಯೆ, ಅದರ ಎಚ್ಚರವೂ ಅವರದೇ ಎಂದುಕೊಂಡಿದ್ದೆ.

ಮಾನ್ಯರೇ, ನಾನು ತಮ್ಮ ಮುಂದೆ ಇಡಬೇಕೆಂದಿರುವ ಮುಖ್ಯ ಮಾತು ಇದೇ. ಅಪಾಯದ ಕೆಲಸದಲ್ಲಿ ಏರುವವನ ಕೌಶಲ ಒಂದು ಭಾಗ ಮಾತ್ರ. ಇವತ್ತು ಏರಬೇಕೋ ಬೇಡವೋ, ಯಾವ ಮರ ಬಿಡಬೇಕು, ಕೂಲಿಯನ್ನು ಯಾವ ಲೆಕ್ಕದಲ್ಲಿ ಕೊಡಬೇಕು, ಹಗ್ಗ ಯಾವಾಗ ಬದಲಿಸಬೇಕು ಎಂಬ ತೀರ್ಮಾನಗಳೆಲ್ಲ ನೆಲದ ಮೇಲೆ ನಿಂತವರ ಕೈಯಲ್ಲಿವೆ. ಆ ತೀರ್ಮಾನಗಳನ್ನು ಮಾಡುವವನೇ ಆ ದಿನದ ಮುಖಂಡ, ಅವನು ಒಪ್ಪಲಿ ಬಿಡಲಿ. ಮನೆಯ ಯಜಮಾನ ಮಾಡಿದರೆ ಯಜಮಾನ, ಫಸಲು ಗುತ್ತಿಗೆ ಹಿಡಿದವರು ಮಾಡಿದರೆ ಅವರು, ಸಂಘವೇ ತಂಡ ಕಳಿಸಿದಲ್ಲಿ ಸಂಘ. ನಮ್ಮ ಸೀಮೆಯಲ್ಲಿ ಈ ಮುಖಂಡತ್ವವನ್ನು ಎಲ್ಲರೂ ಚಲಾಯಿಸುತ್ತೇವೆ, ಅದರ ಹೊಣೆಯನ್ನು ಮಾತ್ರ ಮರದ ಮೇಲಿದ್ದವರಿಗೆ ಬಿಟ್ಟುಬಿಟ್ಟಿದ್ದೇವೆ.

ಕಾರ್ಖಾನೆಗಳಲ್ಲಿ ಈ ಪ್ರಶ್ನೆ ಬಹಳ ಹಿಂದೆಯೇ ಇತ್ಯರ್ಥವಾಗಿದೆ. 1984ರ ಭೋಪಾಲ ದುರಂತದ ಬಳಿಕ, 1987ರಲ್ಲಿ, 1948ರ ಕಾರ್ಖಾನೆ ಕಾಯ್ದೆಗೆ 7ಎ ಎಂಬ ಕಲಮನ್ನು ಸೇರಿಸಿ, ಕೆಲಸಗಾರರ ಆರೋಗ್ಯ ಮತ್ತು ಸುರಕ್ಷತೆಯ ಸಾಮಾನ್ಯ ಹೊಣೆ ಕಾರ್ಖಾನೆಯನ್ನು ನಡೆಸುವ ಅಧಿಭೋಗದಾರನದು ಎಂದು ಸ್ಪಷ್ಟಪಡಿಸಲಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಸುರಕ್ಷಿತ ದುಡಿಮೆಯನ್ನು ಕೆಲಸಗಾರರ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಮುಖ್ಯವಾಗಿ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಇಬ್ಬರು ಮೂವರನ್ನು ಕರೆದು ಕೆಲಸ ಮಾಡಿಸುವ ಒಂದೆರಡು ಎಕರೆಯ ತೋಟಗಳು ಅದರ ಕಣ್ಣಿಗೆ ಬೀಳುವುದು ಕಷ್ಟ. ಯಾವ ಇನ್‌ಸ್ಪೆಕ್ಟರೂ ನಮ್ಮ ತೋಟದ ಇಳಿಜಾರು ಇಳಿದು ಬಂದು ಹಗ್ಗ ಪರೀಕ್ಷಿಸುವುದಿಲ್ಲ. ಆದ್ದರಿಂದಲೇ ನಾನು ಸರ್ಕಾರಕ್ಕೆ ಬರೆಯದೆ ತಮಗೆ ಬರೆಯುತ್ತಿದ್ದೇನೆ.

ನಮ್ಮಂಥ ಸಾವಿರಾರು ಸಣ್ಣ ಯಜಮಾನರು ಒಟ್ಟಿಗೆ ಬಂದು ನಿಲ್ಲುವ ಜಾಗ ಸಂಘ ಒಂದೇ. ಮೈಲುತುತ್ತ, ಸುಣ್ಣ ಕೊಳ್ಳುವುದು ಅಲ್ಲಿ; ಬೆಳೆಸಾಲ ಅಲ್ಲಿ; ಹಸಿ ಅಡಿಕೆಯ ಟೆಂಡರ್ ಅಲ್ಲಿ; ಚಾಲಿ, ರಾಶಿ ಎಂಬ ಒಣ ಅಡಿಕೆಯ ವ್ಯಾಪಾರ ಅಲ್ಲಿ. ಸಂಘ ಒಂದು ಮಾತು ಹೇಳಿದರೆ ಅದು ಮರುದಿನ ಪ್ರತಿ ಕೇರಿಗೂ ತಲುಪುತ್ತದೆ. ಅಡಿಕೆಯ ಒಣಗಿಸುವಿಕೆಯಲ್ಲಿ, ಗ್ರೇಡಿಂಗಿನಲ್ಲಿ ತಾವು ತಂದ ಶಿಸ್ತು ಅದಕ್ಕೆ ಸಾಕ್ಷಿ. 2019ರಲ್ಲಿ ‘ಸಿರ್ಸಿ ಸುಪಾರಿ’ಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಾಗ ನಾವೆಲ್ಲ ಹೆಮ್ಮೆಪಟ್ಟೆವು, ನಾನೂ ಪಟ್ಟೆ. ಕಾಯಿಯ ಆಕಾರ, ಬಣ್ಣ, ರುಚಿಯನ್ನು ಅಷ್ಟು ಸೂಕ್ಷ್ಮವಾಗಿ ದಾಖಲಿಸಬಲ್ಲ ನಾವು, ಆ ಕಾಯನ್ನು 50–60 ಅಡಿ ಎತ್ತರದಿಂದ ಇಳಿಸುವವರಲ್ಲಿ ಎಷ್ಟು ಜನ ಬಿದ್ದರು ಎಂಬುದನ್ನು ಒಂದು ಪುಸ್ತಕದಲ್ಲೂ ಬರೆದಿಟ್ಟಿಲ್ಲ. ವಾರ್ಷಿಕ ಸರ್ವಸಾಧಾರಣ ಸಭೆಗೆ ಬರುವ ವರದಿ ಪುಸ್ತಿಕೆಯನ್ನು ನಾನು ಈ ಸಲ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ವಹಿವಾಟು, ಲಾಭ, ಡಿವಿಡೆಂಡು, ಸುಸ್ತಿ ಸಾಲ ಎಲ್ಲವೂ ಇದ್ದವು. ಬಿದ್ದವರ ಸುದ್ದಿ ಇರಲಿಲ್ಲ.

ಆದ್ದರಿಂದ ನನ್ನ ಮೊದಲ ಬೇಡಿಕೆ ಒಂದು ಪುಸ್ತಕದ್ದು. ಪ್ರತಿ ಸಂಘವೂ ತನ್ನ ವ್ಯಾಪ್ತಿಯ ತೋಟಗಳಲ್ಲಿ ನಡೆದ ಅಪಘಾತಗಳನ್ನು, ಅಪಘಾತ ಆಗುವುದರಲ್ಲಿ ತಪ್ಪಿದ ಘಟನೆಗಳನ್ನೂ ದಾಖಲಿಸಬೇಕು. ಆಡಳಿತ ಮಂಡಳಿಯ ಪ್ರತಿ ಸಭೆಯಲ್ಲಿ ಜಮಾ ಖರ್ಚು ಓದುವ ಮೊದಲು ಅದನ್ನು ಓದಬೇಕು. ‘ಆಯತಪ್ಪಿ’ ಎಂಬ ಪದವನ್ನು ಆ ಪುಸ್ತಕದಲ್ಲಿ ಬಳಸಬಾರದೆಂದು ನನ್ನ ಕೋರಿಕೆ. ಹಗ್ಗ ಎಷ್ಟು ಹಳೆಯದು, ಮರದ ಸ್ಥಿತಿ ಏನು, ಹಿಂದಿನ ದಿನ ಎಷ್ಟು ಮಳೆ, ಕೂಲಿಯ ಲೆಕ್ಕ ಯಾವುದು, ಏರಲು ಹೇಳಿದವರು ಯಾರು ಎಂಬುದನ್ನು ಬರೆಯಲಿ. ಹೀಗೆ ಎರಡು ಮಳೆಗಾಲದ ದಾಖಲೆ ಸಿಕ್ಕರೆ ಎಲ್ಲಿ ಕೈ ಹಾಕಬೇಕೆಂಬುದು ತಾನಾಗಿಯೇ ಕಾಣುತ್ತದೆ. ಯಜಮಾನರನ್ನು ಶಿಕ್ಷಿಸಲು ಈ ಪುಸ್ತಕ ಬಳಕೆಯಾಗುವುದಿಲ್ಲ ಎಂಬ ಭರವಸೆಯನ್ನೂ ಕೊಡಬೇಕು, ಇಲ್ಲದಿದ್ದರೆ ಯಾರೂ ನಿಜ ಹೇಳುವುದಿಲ್ಲ. ನನ್ನ ತೋಟದ ಘಟನೆಯನ್ನೇ ಮೊದಲ ಪುಟದಲ್ಲಿ ಬರೆದುಕೊಳ್ಳಲು ನನ್ನ ಒಪ್ಪಿಗೆಯಿದೆ.

ಎರಡನೆಯದು ಇದಕ್ಕಿಂತ ಕಠಿಣ. ‘ಇವತ್ತು ಏರುವುದಿಲ್ಲ’ ಎಂದು ಕೊನೆಗೌಡರು ಹೇಳಿದರೆ ಆ ಮಾತೇ ಕೊನೆ ಎಂಬ ನಿಯಮವನ್ನು ಸಂಘ ಠರಾವಿನ ಮೂಲಕ ಸಾರಬೇಕು, ಮತ್ತು ಹಾಗೆ ಹೇಳಿದ ದಿನ ಅವರ ಮನೆಯ ಒಲೆ ಆರಬಾರದು. ಬರಿಯ ಠರಾವಿನಿಂದ ಏನೂ ಆಗುವುದಿಲ್ಲ. ಏರದಿದ್ದರೆ ಕೂಲಿ ಇಲ್ಲ ಎಂದಾದರೆ ನಿಯಮ ಗೋಡೆಯ ಮೇಲೆ ಉಳಿಯುತ್ತದೆ, ಮನುಷ್ಯ ಮರದ ಮೇಲೆ ಇರುತ್ತಾನೆ. ಮಾರಾಟವಾಗುವ ಪ್ರತಿ ಕ್ವಿಂಟಲ್ ಅಡಿಕೆಯ ಮೇಲೆ ಸದಸ್ಯರಿಂದ ಒಂದು ಸಣ್ಣ ಮೊತ್ತ ಹಿಡಿದು, ಮಳೆಗೆ ನಿಂತುಹೋದ ದಿನಗಳಿಗೆ ಅರ್ಧ ಕೂಲಿಯನ್ನಾದರೂ ಕೊಡುವ ನಿಧಿ ಮಾಡಬಹುದು. ಯಜಮಾನರಿಗೆ ಇದು ಹೊರೆ ಎನ್ನುವವರಿರುತ್ತಾರೆ. ಅಂದು ನಾನು ಉಳಿಸಲು ಹೋದದ್ದು ಒಂದು ಡ್ರಮ್ಮು ದ್ರಾವಣ, ಅಂದರೆ ನೂರು ಲೀಟರ್ ನೀರಿಗೆ ಹಾಕಿದ ಒಂದು ಕಿಲೋ ಮೈಲುತುತ್ತ ಮತ್ತು ಒಂದು ಕಿಲೋ ಸುಣ್ಣ. ಹೊರೆಯ ಮಾತು ಬಂದಾಗ ಈ ಲೆಕ್ಕವನ್ನೂ ಎದುರಿಗಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಡ್ರಮ್ಮಿನ ಲೆಕ್ಕದ ಕೂಲಿಯನ್ನು ಬಿಟ್ಟು ದಿನದ ಲೆಕ್ಕಕ್ಕೆ ಬರುವಂತೆಯೂ ಸಂಘ ಸದಸ್ಯರಿಗೆ ತಿಳಿಹೇಳಬೇಕು, ಏಕೆಂದರೆ ಡ್ರಮ್ಮಿನ ಲೆಕ್ಕ ಆತುರಕ್ಕೆ ಕೊಡುವ ಕೂಲಿಯಾಗುತ್ತದೆ.

ಮದ್ದು ಹೊಡೆಯುವ ಮೊದಲು ಯಜಮಾನ ತೋಟವನ್ನೆಲ್ಲ ಒಮ್ಮೆ ತಿರುಗಿ, ಬಿಸಿಲು ತಾಗಿದ, ಅಣಬೆ ರೋಗ ಹಿಡಿದ, ಬೇರುಹುಳ ತಿಂದು ಅಲುಗಾಡುವ ಮರಗಳಿಗೆ ಗುರುತು ಹಾಕಲೇಬೇಕು ಎಂಬುದನ್ನು ಸಂಘ ರೂಢಿಗೆ ತರಬೇಕು. ಇದಕ್ಕೆ ಖರ್ಚಿಲ್ಲ. ಮರದ ಎದೆಮಟ್ಟಕ್ಕೆ ಒಂದು ಬಣ್ಣದ ಪಟ್ಟೆ ಸಾಕು. ಬೇಸಿಗೆಯಲ್ಲಿಯೇ ಮಾಡಬೇಕು, ಪಾಚಿ ಕಟ್ಟುವ ಮೊದಲು. ಕೊನೆಗೌಡರ ಜೊತೆಯಲ್ಲಿಯೇ ತಿರುಗಿದರೆ ಇನ್ನೂ ಒಳ್ಳೆಯದು. ನನಗೆ ಕಾಣದ ಎಷ್ಟೋ ದೋಷಗಳು ಅವರ ಕಣ್ಣಿಗೆ ಬೀಳುತ್ತವೆ.

ಉಪಕರಣಗಳ ವಿಷಯದಲ್ಲಿ ನನಗೊಂದು ಆತಂಕವಿದೆ. ಸುರಕ್ಷತೆ ಎಂದ ಕೂಡಲೇ ನಾವು ಹೆಲ್ಮೆಟ್ ಹಂಚಿ, ಫೋಟೋ ತೆಗೆಸಿ, ಪತ್ರಿಕೆಗೆ ಕೊಟ್ಟು ಮುಗಿಸುವ ಅಭ್ಯಾಸವಿದೆ. ಸುರಕ್ಷತೆಯನ್ನು ಓದಿ ಬಂದವರು ಹೇಳುವ ಕ್ರಮ ಇದಕ್ಕೆ ತಿರುಗುಮುರುಗು: ಮೊದಲು ಅಪಾಯವನ್ನೇ ಇಲ್ಲವಾಗಿಸಬಹುದೇ ನೋಡಬೇಕು, ಆಗದಿದ್ದರೆ ಕೆಲಸದ ವಿಧಾನ ಬದಲಿಸಬೇಕು, ಆಮೇಲೆ ನಿಯಮ ಮತ್ತು ತರಬೇತಿ, ಮೈಮೇಲೆ ತೊಡಿಸುವ ಸಾಧನ ಎಲ್ಲಕ್ಕೂ ಕೊನೆಗೆ. ಅಡಿಕೆಗೆ ಇದನ್ನು ಅನ್ವಯಿಸಿದರೆ, ಹೊಸದಾಗಿ ನೆಡುವ ಕಡೆ ಹಿರೇಹಳ್ಳಿ ಗಿಡ್ಡ ತಳಿಯಿಂದ ವಿಟ್ಲದ ಸಂಶೋಧನಾ ಕೇಂದ್ರ ಅಭಿವೃದ್ಧಿಪಡಿಸಿದ ಕುಬ್ಜ ಸಂಕರಗಳನ್ನು ಪರಿಶೀಲಿಸುವುದು, ಸಾಧ್ಯವಿದ್ದಲ್ಲೆಲ್ಲ ನೆಲದಲ್ಲಿ ನಿಂತೇ ದೋಟಿಯಿಂದ (ಉದ್ದನೆಯ ಕೋಲಿನಿಂದ) ಮದ್ದು ಹೊಡೆದು ಕೊನೆ ಇಳಿಸುವುದು, ಏರಲೇಬೇಕಾದಲ್ಲಿ ಮರದಿಂದ ಮರಕ್ಕೆ ದಾಟುವುದನ್ನು ಮಳೆಗಾಲದಲ್ಲಿ ಪೂರ್ತಿ ಬಿಡುವುದು, ಸೊಂಟದ ಪಟ್ಟಿ ಮತ್ತು ಹಗ್ಗವನ್ನು ವರ್ಷಕ್ಕೊಮ್ಮೆ ಸಂಘದ ಅಂಗಡಿಯಲ್ಲಿಯೇ ಪರೀಕ್ಷಿಸಿ ಹಳೆಯದನ್ನು ಕತ್ತರಿಸಿ ಹಾಕುವುದು ಎಂದಾಗುತ್ತದೆ. ಕತ್ತರಿಸಿ ಹಾಕಬೇಕು ಎಂದು ಒತ್ತಿ ಹೇಳುತ್ತೇನೆ. ಅಟ್ಟದಲ್ಲಿಟ್ಟ ಹಳೆಯ ಹಗ್ಗ ಮುಂದಿನ ಮಳೆಗಾಲಕ್ಕೆ ಮತ್ತೆ ಕೆಳಗಿಳಿಯುತ್ತದೆ.

ದೋಟಿ ಬಂದ ಮೇಲೆ ಎಲ್ಲ ಸರಿಹೋಯಿತು ಎಂಬ ಭಾವನೆಯೂ ಬೇಡ. ಅಲ್ಯುಮಿನಿಯಂ ಏಣಿ, ದೋಟಿಗಳು ವಿದ್ಯುತ್ ತಂತಿಗೆ ತಾಗಿದರೆ ಪ್ರಾಣಕ್ಕೆ ಸಂಚಕಾರವೆಂಬುದು ಜನರಿಗೆ ಗೊತ್ತಾಗಿದೆ, ಆದರೆ ಕಾರ್ಬನ್ ಫೈಬರ್ ದೋಟಿಯ ಮೂಲಕವೂ ವಿದ್ಯುತ್ ಹರಿಯುತ್ತದೆ ಎಂಬುದು ನಾನು ಕೇಳಿದ ಹತ್ತು ಜನರಲ್ಲಿ ಇಬ್ಬರಿಗೂ ತಿಳಿದಿರಲಿಲ್ಲ. ಹಗುರವಾಗಿದೆ, ಕಪ್ಪಗಿದೆ, ಲೋಹವಲ್ಲ, ಹಾಗಾಗಿ ಭಯವಿಲ್ಲ ಎಂದೇ ಅವರ ನಂಬಿಕೆ. ತೋಟದ ಮೇಲೆ ಹಾದುಹೋದ ತಂತಿಗಳಿರುವ ಸದಸ್ಯರ ಪಟ್ಟಿ ಮಾಡಿ, ವಿದ್ಯುತ್ ಕಂಪನಿ ಹೆಸ್ಕಾಂ ಜೊತೆ ಮಾತಾಡಿ, ತಂತಿ ಸ್ಥಳಾಂತರಿಸುವವರೆಗೆ ಆ ಸಾಲುಗಳಲ್ಲಿ ಲೈನ್ ಆಫ್ ಮಾಡಿಸದೆ ದೋಟಿ ಎತ್ತದಂತೆ ನೋಡಿಕೊಳ್ಳುವುದು ಸಂಘಕ್ಕೆ ಮಾತ್ರ ಸಾಧ್ಯ. ಒಬ್ಬೊಬ್ಬ ರೈತ ಅರ್ಜಿ ಹಿಡಿದು ಅಲೆದರೆ ಆಗುವ ಕೆಲಸವಲ್ಲ. ದೋಟಿ ಹಿಡಿಯುವವರ ಕುತ್ತಿಗೆ, ಭುಜದ ನೋವಿನ ಬಗ್ಗೆಯೂ, ಮೇಲಿಂದ ಬೀಳುವ ಕೊನೆಯ ಬಗ್ಗೆಯೂ ವಿಚಾರ ಮಾಡಬೇಕಾಗಿದೆ. ಹೆಲ್ಮೆಟ್ ನಿಜವಾಗಿ ಬೇಕಾದದ್ದು ಅಲ್ಲಿ. ಸುಣ್ಣ ಕರಗಿಸುವಾಗ, ದ್ರಾವಣ ಕಲಸುವಾಗ ಕಣ್ಣಿಗೆ ಸಿಡಿದು ತೊಂದರೆ ಅನುಭವಿಸಿದವರು ಪ್ರತಿ ಊರಿನಲ್ಲಿದ್ದಾರೆ; ಮೈಲುತುತ್ತದ ಚೀಲದ ಜೊತೆಗೆ ಒಂದು ಜೊತೆ ಕನ್ನಡಕವನ್ನು ಸಂಘ ಕಡ್ಡಾಯವಾಗಿ ಕೊಡಲಿ.

ವಿಮೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ತೆಂಗಿನ ಮರ ಏರುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆಯಿದೆ. ಅದೇ ಮಾದರಿಯಲ್ಲಿ, ಆಸ್ಪತ್ರೆಯ ಖರ್ಚನ್ನೂ ಮನೆಯಲ್ಲಿ ಮಲಗಿದ ತಿಂಗಳುಗಳ ಆದಾಯವನ್ನೂ ಸ್ವಲ್ಪಮಟ್ಟಿಗಾದರೂ ತುಂಬುವ ಗುಂಪು ವಿಮೆಯನ್ನು ಅಡಿಕೆ ಮರ ಏರುವವರಿಗಾಗಿ ಸಂಘಗಳೆಲ್ಲ ಸೇರಿ ಮಾಡಿಸಬೇಕು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಪೂರ್ಣ ಅಂಗವಿಕಲರಾದರೆ 2 ಲಕ್ಷ ಕೊಡುತ್ತದೆ. ಆಸ್ಪತ್ರೆಯ ಬಿಲ್ಲಿಗೆ ಅದರಿಂದ ಏನೂ ಬರುವುದಿಲ್ಲ. ಆ ಅಲ್ಪ ವಿಮೆಯನ್ನೂ ನಮ್ಮ ಕೊನೆಗೌಡರಿಗೆ ಯಾರೂ ಮಾಡಿಸಿರಲಿಲ್ಲ, ನಾನೂ ಸೇರಿದಂತೆ. ಇದರೊಂದಿಗೆ, ಪ್ರತಿ ಸಂಘದ ಶಾಖೆಯಲ್ಲಿ ಗಾಯಾಳುವನ್ನು ಕಟ್ಟಿ ಮಲಗಿಸುವ ಒಂದು ಗಟ್ಟಿ ಹಲಗೆ ಇರಬೇಕು, ಅದನ್ನು ಬಳಸಲು ಪ್ರತಿ ಊರಿನ ನಾಲ್ಕು ಜನರಿಗೆ ತರಬೇತಿ ಸಿಗಬೇಕು. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂದು ನಾವೆಲ್ಲ ವರ್ಷಗಳಿಂದ ಕೇಳುತ್ತಲೇ ಇದ್ದೇವೆ. ಅದು ಬರುವವರೆಗೆ ಗಾಯಾಳು ಘಟ್ಟ ಇಳಿಯಬೇಕು ಇಲ್ಲವೇ ಹುಬ್ಬಳ್ಳಿಗೆ ಹೋಗಬೇಕು, ಆ ದಾರಿಯಲ್ಲಿ ಬೆನ್ನುಹುರಿಗೆ ಮತ್ತಷ್ಟು ಪೆಟ್ಟಾಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿಯೇ ಇದೆ.

ಇದೆಲ್ಲ ತಜ್ಞರ ಸಮಿತಿಗೋ ಸಂಘದ ನೌಕರರಿಗೋ ಒಪ್ಪಿಸಿ ಬಿಡುವ ಕೆಲಸವಲ್ಲ ಎಂದು ವಿನಯದಿಂದ ಹೇಳಬಯಸುತ್ತೇನೆ. ಅಧ್ಯಕ್ಷರು ಮಳೆಗಾಲದಲ್ಲಿ ಒಂದು ದಿನ ಸ್ವತಃ ತೋಟಕ್ಕೆ ಬಂದು, ಮದ್ದು ಹೊಡೆಯುವ ತಂಡದ ಜೊತೆ ಬುಡದಲ್ಲಿ ನಿಂತು, ‘ನಿಮಗೆ ಇವತ್ತು ಏರಬಾರದು ಅನ್ನಿಸಿತೇ? ಅನ್ನಿಸಿದರೆ ಯಾರಿಗಾದರೂ ಹೇಳಿದಿರೇ?’ ಎಂದು ಕೇಳಿದರೆ, ಅದರಿಂದಾಗುವಷ್ಟು ಪರಿಣಾಮ ನೂರು ಸುತ್ತೋಲೆಗಳಿಂದಲೂ ಆಗುವುದಿಲ್ಲ. ತಾವುಗಳಲ್ಲಿ ಹೆಚ್ಚಿನವರು ತೋಟಿಗರೇ. ತಮ್ಮ ತೋಟದಲ್ಲಿ ತಾವು ಏನು ಮಾಡುತ್ತೀರಿ ಎಂಬುದನ್ನು ಉಳಿದ ಸದಸ್ಯರು ನೋಡುತ್ತಾರೆ. ಆಡಳಿತ ಮಂಡಳಿಯಲ್ಲಿ ಕೊನೆಗೌಡರ ಪರವಾಗಿ ಮಾತಾಡುವ ಒಬ್ಬರನ್ನು ವಿಶೇಷ ಆಹ್ವಾನಿತರನ್ನಾಗಿ ಕೂರಿಸಿಕೊಳ್ಳುವ ಬಗ್ಗೆಯೂ ವಿಚಾರ ಮಾಡಬೇಕೆಂದು ಕೋರುತ್ತೇನೆ. ಮರ ಏರದವರು ಮಾತ್ರ ಕುಳಿತು ಮರ ಏರುವ ನಿಯಮ ಮಾಡುವುದು ಸರಿಯಲ್ಲ.

ಮುಂದಿನ ರೋಹಿಣಿ ಮಳೆಗೆ ಮೊದಲು ಈ ವಿಷಯವನ್ನು ಆಡಳಿತ ಮಂಡಳಿಯ ಸಭೆಯ ಮುಂದಿಟ್ಟು, ತೆಗೆದುಕೊಂಡ ತೀರ್ಮಾನವನ್ನು ಸಂಘದ ಸೂಚನಾ ಫಲಕದಲ್ಲಿ ಹಾಕಿಸಬೇಕೆಂದೂ, ಅಪಘಾತಗಳ ವಿವರವನ್ನು ಈ ಸಲದ ವಾರ್ಷಿಕ ವರದಿಯಲ್ಲಿಯೇ ಸೇರಿಸಬೇಕೆಂದೂ ವಿನಂತಿಸುತ್ತೇನೆ. ಸೆಪ್ಟೆಂಬರ್‌ ಸಭೆಯಲ್ಲಿ ನಾನು ಈ ಪ್ರಶ್ನೆಯನ್ನು ಎದ್ದುನಿಂತು ಕೇಳುವವನಿದ್ದೇನೆ.

ಕಳೆದ ವಾರ ಕೊನೆಗೌಡರನ್ನು ಜೀಪಿನಲ್ಲಿ ಕರೆತಂದು, ತೋಟದ ತಲೆಯ ಭಾಗದಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಅವರು ಬೆರಳು ತೋರಿಸಿದ ಮರಗಳ ಬುಡಕ್ಕೆಲ್ಲ ಹೋಗಿ ಒಂದೊಂದನ್ನೂ ನೋಡಿದೆ. ಸುಮಾರು ಎಂಟುನೂರು ಮರಗಳಲ್ಲಿ ಇಪ್ಪತ್ತಮೂರಕ್ಕೆ ಕೆಂಪು ಪಟ್ಟೆ ಬಿದ್ದಿದೆ. ಅವುಗಳಲ್ಲಿ ಒಂಬತ್ತು ನನ್ನ ಲೆಕ್ಕದಲ್ಲಿ ಗಟ್ಟಿ ಮರಗಳಾಗಿದ್ದವು.

ಇತಿ ತಮ್ಮ ವಿಶ್ವಾಸಿ,
ಸಂಘದ ಒಬ್ಬ ಸದಸ್ಯ,
ಶಿರಸಿ ತಾಲ್ಲೂಕು, ಉತ್ತರ ಕನ್ನಡ